ಹಿನ್ನೀರಿನ ಹುಲ್ಲು

ಮೂವತ್ತಮೂರು ವರ್ಷಗಳ ಕಾಲ ಆಫ್ರಿಕಾ ಖಂಡವನ್ನು ಕರಿಹಲಗೆಯ ಮೇಲೆ ಬರೆದು, ಗಂಟೆ ಬಾರಿಸಿದೊಡನೆ ಅಳಿಸಿ ಹಾಕಿದವನು ನಾನು. ಪ್ರೌಢಶಾಲೆಯಲ್ಲಿ ಭೂಗೋಳವು ನನ್ನ ವಿಷಯವಾಗಿದ್ದಿತು. ಸವನ್ನಾ ಎಂದರೆ ಆಳೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಕೊಡೆ ಬಿಚ್ಚಿಟ್ಟಂತಹ ಮರ, ಜಿರಾಫೆ, ಸಿಂಹ. ಇದಿಷ್ಟನ್ನೂ ನಾನು ಎಂತಹ ಆತ್ಮವಿಶ್ವಾಸದಿಂದ ವರ್ಣಿಸುತ್ತಿದ್ದೆನೆಂದರೆ, ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನೀವು ಅಲ್ಲಿಗೆ ಹೋದಾಗ ಸಿಂಹ ನಿಮ್ಮನ್ನ ನೋಡಿ ಏನ್ಮಾಡಿತ್ರಿ?" ಎಂದು ಕೇಳಿದ್ದನು. ತರಗತಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕು ಸುಮ್ಮನಾದೆ. ಯರಗಟ್ಟಿಯ ಆಚೆಗೆ ನಾನು ಅಂದಿನವರೆಗೆ ಕಂಡುದು ಬೆಳಗಾವಿ, ಧಾರವಾಡ, ಮತ್ತು ಚುನಾವಣೆಯ ಕೆಲಸಕ್ಕೆ ಹಾಕಿದಾಗ ಹೋಗಿದ್ದ ರಾಮದುರ್ಗದ ಕಡೆಯ ನಾಲ್ಕು ಹಳ್ಳಿಗಳು ಮಾತ್ರ.

ಆದುದರಿಂದ ಬೆಂಗಳೂರಿನಲ್ಲಿರುವ ನಮ್ಮ ಮಗನು, "ಅಪ್ಪಾ, ಈ ಸಲ ನಿಮ್ಮಿಬ್ಬರನ್ನೂ ಕೆನ್ಯಾಕ್ಕ ಕರಕೊಂಡು ಹೋಗ್ತೀನಿ. ಸಫಾರಿ ಲಾಡ್ಜಿನಾಗ ನಾಕು ದಿನ ಇದ್ದು ಬರೂಣು" ಎಂದು ಫೋನು ಮಾಡಿದಾಗ ನನಗೆ ಮೊದಲು ನೆನಪಾದುದು ಆ ಹುಡುಗನ ಮುಖ. ಈಗಲಾದರೂ ಅವನಿಗೆ ನಿಜವಾದ ಉತ್ತರವನ್ನು ಕೊಡಬಹುದಲ್ಲ ಎಂದುಕೊಂಡೆ. ಆದರೆ ನಮ್ಮ ಮನೆಯವರಿಗೆ ಮೊಣಕಾಲು ನೋವು. ವಿಮಾನದಲ್ಲಿ ಅಷ್ಟು ಹೊತ್ತು ಕಾಲು ಮಡಿಸಿ ಕೂಡುವುದು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದರು. ಪಾಸ್‌ಪೋರ್ಟಿನಲ್ಲಿ ನನ್ನ ಜನ್ಮದಿನಾಂಕವು ಶಾಲೆಯ ದಾಖಲೆಗಿಂತ ಬೇರೆಯಾಗಿ ಕುಳಿತಿದ್ದಿತು. ಹೀಗೆ ದಿನದಿನಕ್ಕೂ ಕುಗ್ಗುತ್ತ ಬಂದ ಆಫ್ರಿಕಾ, ಕಡೆಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿಗೆ ಬಂದು ನಿಂತಿತು. ಕಬಿನಿಯ ಹಿನ್ನೀರಿನ ದಡದಲ್ಲಿ ಎರಡು ರಾತ್ರಿ ತಂಗುವುದೆಂದು ನಿಶ್ಚಯವಾಯಿತು.

'ಸಫಾರಿ' ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಶಬ್ದ. ಅದಕ್ಕೆ ಮೂಲ ಅರಬ್ಬಿಯ 'ಸಫರ್', ಅಂದರೆ ಪ್ರಯಾಣ. ನನ್ನ ಬಾಲ್ಯದಲ್ಲಿ ಹತ್ತಿಯ ಅಂಡಿಗೆ ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಹೊರಡುತ್ತಿದ್ದ ನಮ್ಮೂರ ಮುಸಲ್ಮಾನ ಗಾಡಿಯವರು ಸಹ 'ಸಫರ್' ಎಂದೇ ಅನ್ನುತ್ತಿದ್ದರು. ಅದಕ್ಕೆ ಯಾರೂ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಡಿಗೆಯು ಅವರಿಗೇ ಬರುತ್ತಿದ್ದಿತು.

ಕಾಡಿನ ನಡುವೆ ಕುಳಿತು ಶುಭ್ರವಾದ ಮೇಜುವಸ್ತ್ರದ ಮೇಲೆ ಊಟ ಮಾಡುವ ಈ ಪದ್ಧತಿಯೂ ಆಫ್ರಿಕಾದಿಂದ ಬಂದುದೇ. ಕೆನ್ಯಾದಲ್ಲಿ 1932ರಲ್ಲಿ ಮರದ ಮೇಲೆ ಕಟ್ಟಿದ 'ಟ್ರೀಟಾಪ್ಸ್' ಎಂಬ ವಸತಿಯಿದ್ದಿತು. 1952ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅಲ್ಲಿ ಆನೆಗಳನ್ನು ನೋಡುತ್ತ ತಂಗಿದ್ದ ರಾತ್ರಿಯೇ ಅತ್ತ ಅವಳ ತಂದೆಯು ತೀರಿಕೊಂಡು, ಮರವೇರುವಾಗ ರಾಜಕುಮಾರಿಯಾಗಿದ್ದವಳು ಇಳಿಯುವಾಗ ರಾಣಿಯಾಗಿದ್ದಳು. 1960ರ ದಶಕದಲ್ಲಿ ಅದೇ ಮಾದರಿಯು ನೇಪಾಳದ ಚಿತವನಕ್ಕೆ ಬಂದು 'ಟೈಗರ್ ಟಾಪ್ಸ್' ಆಯಿತು. ಅವರ ಸಹಭಾಗಿತ್ವದಲ್ಲಿ ಕರ್ನಾಟಕ ಸರಕಾರವು 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಹುಟ್ಟುಹಾಕಿತು. ಮೈಸೂರಿನ ಅರಸರೂ ಅವರ ಅತಿಥಿಗಳಾದ ವೈಸರಾಯರೂ ತಂಗುತ್ತಿದ್ದ ಕಾರಾಪುರದ ಬೇಟೆಯ ಬಂಗಲೆಗಳು ಪ್ರವಾಸಿಗರಿಗೆ ತೆರೆದವು. ಯೌವನದಲ್ಲಿ ಬೇಟೆಗಾರರಾಗಿದ್ದು ತರುವಾಯ ಕಾಡಿನ ಕಾವಲಿಗೆ ನಿಂತ ಕರ್ನಲ್ ಜಾನ್ ವೇಕ್‌ಫೀಲ್ಡರು 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿದ್ದರು.

ನಾವು ತಂಗಿದ್ದುದು ಅದರಲ್ಲಲ್ಲ. ಅದೇ ನೀರಿನ ದಡದಲ್ಲಿ ಆಮೇಲೆ ತಲೆಯೆತ್ತಿದ ಖಾಸಗಿಯವರ ವಸತಿಗಳಲ್ಲೊಂದು. ಅದರ ಹೆಸರು ನಮಗೆ ಬೇಡ. ಅಲ್ಲಿಯ ಒಂದು ರಾತ್ರಿಯ ಬಾಡಿಗೆಯನ್ನು ಮಗನು ಕಡೆಯವರೆಗೂ ನಮ್ಮಿಂದ ಮುಚ್ಚಿಟ್ಟಿದ್ದನು. ಮೇಜಿನ ಮೇಲೆ ಬಿದ್ದಿದ್ದ ಕಾಗದವೊಂದರಿಂದ ಅದು ನನಗೆ ತಿಳಿದುಹೋಯಿತು. 1984ರಲ್ಲಿ ನಾನು ಯರಗಟ್ಟಿಯಲ್ಲಿ ಸಾಲ ಮಾಡಿ ಕಟ್ಟಿಸಿದ ಎರಡು ಅಂಕಣದ ಮನೆಗೆ ತಗುಲಿದ ಹಣಕ್ಕೆ ಅದು ಹೆಚ್ಚು ಕಡಿಮೆ ಸಮನಾಗಿದ್ದಿತು. ಇದನ್ನು ನಾನು ನಮ್ಮ ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಆ ಹಾಸಿಗೆಯ ಮೇಲೆ ಮಲಗುತ್ತಿರಲಿಲ್ಲ.

2023ರ ಎಪ್ರಿಲಿನಲ್ಲಿ ನಾವು ಧಾರವಾಡಕ್ಕೆ ಹೋಗಿ ರಾತ್ರಿಯ ಗಾಡಿಯನ್ನು ಹತ್ತಿ, ಬೆಳಗಿಗೆ ಮೈಸೂರು ಸೇರಿದೆವು. ಮಗ ಸೊಸೆ ಮೋಟಾರು ತೆಗೆದುಕೊಂಡು ಅಲ್ಲಿಗೇ ಬಂದಿದ್ದರು. ನನ್ನ ವೇಷವನ್ನು ಕಂಡೊಡನೆ ಮಗನ ಮುಖ ಸಣ್ಣದಾಯಿತು. ಕಾಡಿನಲ್ಲಿ ಬಿಳಿಯ ಬಟ್ಟೆಯನ್ನು ಉಡಬಾರದು, ಮಣ್ಣಿನ ಬಣ್ಣದ ಬಟ್ಟೆಯನ್ನೇ ತರಬೇಕು ಎಂದು ವಸತಿಯವರು ಮೊದಲೇ ಬರೆದು ತಿಳಿಸಿದ್ದರಂತೆ. ನಾನಾದರೋ ಅಪರೂಪಕ್ಕೆ ಪ್ರವಾಸವೆಂದು ಕಾಯಿಗಂಜಿ ಹಾಕಿದ ಹೊಸ ಧೋತರವನ್ನೇ ಉಟ್ಟು ಹೊರಟಿದ್ದೆ. ಹುಲಿಗೆ ಕಾಣಿಸದಿರಲೆಂದು ಎರಡು ದಿನ ಮಗನ ಖಾಕಿ ಚಲ್ಲಣದಲ್ಲಿ ತಿರುಗಬೇಕಾಯಿತು. ನಿವೃತ್ತನಾದ ಮಾಸ್ತರನು ಅರಣ್ಯ ರಕ್ಷಕನಂತೆ ಕಾಣುತ್ತಿದ್ದನೆಂದು ಸೊಸೆ ಹೇಳಿದಳು. ಹೋಮ್‌ಗಾರ್ಡಿನವನಂತೆ ಎಂಬುದು ನಮ್ಮ ಮನೆಯವರ ಅಭಿಪ್ರಾಯ.

ವಸತಿಗೃಹವನ್ನು ವರ್ಣಿಸಲು ಒಂದೆರಡು ಮಾತು ಸಾಕು. ಹೊರಗಿನಿಂದ ನೋಡಿದರೆ ಹುಲ್ಲಿನ ಗುಡಿಸಲು. ಗೋಡೆಗೆ ಕೆಮ್ಮಣ್ಣಿನ ಬಣ್ಣ, ಬಾಗಿಲಿನ ಪಕ್ಕದಲ್ಲಿ ಬಿಳಿಯ ಚಿತ್ತಾರ. ಕಾಡಿನ ಜನರ ಹಾಡಿಯಂತೆ ಕಾಣಬೇಕೆಂದು ಹಾಗೆ ಕಟ್ಟಿದ್ದಾರೆಂದು ನಮ್ಮನ್ನು ಕರೆದೊಯ್ದ ಹುಡುಗ ಹೇಳಿದನು. ಒಳಗೆ ಕಾಲಿಟ್ಟರೆ ಮಾಘಮಾಸದ ಚಳಿ! ನಮ್ಮ ಯರಗಟ್ಟಿಯ ಪಡಸಾಲೆಯಷ್ಟು ದೊಡ್ಡದಾದ ಬಚ್ಚಲು, ಅದರಲ್ಲಿ ಎಮ್ಮೆ ಮಲಗುವಷ್ಟು ಅಗಲದ ಬಿಳಿಯ ತೊಟ್ಟಿ. ಹಾಸಿಗೆಯ ಮೇಲೆ ಹೂವಿನ ದಳಗಳಿಂದ ಆನೆಯ ಆಕಾರವನ್ನು ಬಿಡಿಸಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ನಮ್ಮ ಮನೆಯವರು ಬಹಳ ಹೊತ್ತು ಕುರ್ಚಿಯ ಮೇಲೆಯೇ ಕುಳಿತಿದ್ದರು.

ಊಟದ ಮನೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಇಟಲಿಯ ಶಾವಿಗೆ ಮೊದಲ್ಗೊಂಡು ಇಪ್ಪತ್ತು ಬಗೆಯ ಭಕ್ಷ್ಯಗಳನ್ನು ಹರಡಿದ್ದ ಮೇಜಿನ ಸುತ್ತ ಒಮ್ಮೆ ಪ್ರದಕ್ಷಿಣೆ ಮಾಡಿ ಬಂದ ನಮ್ಮ ಮನೆಯವರು, ತಟ್ಟೆಯಲ್ಲಿ ಎರಡು ತುಂಡು ಕಲ್ಲಂಗಡಿಯನ್ನು ಮಾತ್ರ ಹಾಕಿಕೊಂಡು ಕುಳಿತರು. ತರುವಾಯ ಕೈಚೀಲದಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿ ಒಂದೊಂದಾಗಿ ಹೊರಬಂದವು. ಸೊಸೆಯು ನಾಚಿ ಕೆಂಪಾದಳು. ಆದರೆ ಬಡಿಸಲು ನಿಂತಿದ್ದ ಮುಖ್ಯ ಅಡಿಗೆಯವನು ಬಳಿಗೆ ಬಂದು, "ಅಮ್ಮಾ, ಇದು ಯಾವ ಕಡೆ ರೊಟ್ಟಿ?" ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡನು. ಕುರುಂ ಕುರುಂ ಎಂಬ ಸದ್ದಿಗೆ ಪಕ್ಕದ ಮೇಜಿನ ವಿದೇಶೀಯ ದಂಪತಿಗಳು ತಿರುಗಿ ನೋಡಿದರು. ಅವರಿಗೂ ಒಂದೊಂದು ಚೂರು ಹೋಯಿತು. ಮರುದಿನದ ವೇಳೆಗೆ ನಮ್ಮ ಬುತ್ತಿ ಖಾಲಿ.

ಸಂಜೆ ನಾಲ್ಕರ ಸುಮಾರಿಗೆ ಜೀಪು ಹೊರಟಿತು. ಚಾಲಕನು ಇಪ್ಪತ್ತೈದರ ತರುಣ. ಮೈಗೆ ಹಸಿರು ಅಂಗಿ, ಮಾತು ಕಡಿಮೆ. ಇಂಗ್ಲಿಷಿನಲ್ಲಿ ವಿವರಿಸಲು ಬೇರೊಬ್ಬ ಪ್ರಾಣಿಶಾಸ್ತ್ರ ಓದಿದ ಹುಡುಗನಿದ್ದನು. ಮೊದಲ ಒಂದು ಗಂಟೆ ನಮಗೆ ಕಂಡುದು ಜಿಂಕೆಗಳ ಹಿಂಡು, ಮುಸುವಗಳು, ಒಂದು ಮುಂಗುಸಿ. ನಮ್ಮ ಮಗನು ಹುಲಿಗಾಗಿ ಕೊರಳನ್ನು ಕೊಕ್ಕರೆಯಂತೆ ಉದ್ದಮಾಡಿ ಕುಳಿತಿದ್ದನು. ಮರದ ಮೇಲಿನ ಮುಸುವ ಕೆಮ್ಮಿದರೆ, ಕೆಳಗಿನ ಜಿಂಕೆ ಕೂಗಿದರೆ ಹುಲಿ ನಡೆದಿದೆಯೆಂದು ಅರ್ಥವಂತೆ. ನಮ್ಮೂರಿನಲ್ಲಿಯೂ ಹೀಗೆಯೇ. ಕುರಿಗಳ ಹಟ್ಟಿಯಲ್ಲಿ ನಾಯಿಗಳ ಬೊಗಳುವ ದನಿ ಬದಲಾದರೆ ತೋಳ ಬಂದಿದೆಯೆಂದು ಹಾಸಿಗೆಯಲ್ಲಿ ಮಲಗಿದ್ದಂತೆಯೇ ನಮ್ಮ ಅಜ್ಜನಿಗೆ ಗೊತ್ತಾಗುತ್ತಿದ್ದಿತು. ಆ ವಿದ್ಯೆಗೆ ಯಾರೂ ಚೀಟಿ ಮಾರುತ್ತಿರಲಿಲ್ಲ.

ಆಮೇಲೆ ಕಾಡು ಥಟ್ಟನೆ ಮುಗಿದು ಬಯಲು ತೆರೆಯಿತು. ನಾನು ಕುಳಿತಲ್ಲಿಂದ ಎದ್ದು ನಿಂತೆ.

ನನ್ನ ಕರಿಹಲಗೆಯ ಸವನ್ನಾ ಅಲ್ಲಿ ಮಲಗಿದ್ದಿತು! ಕಣ್ಣು ಹಾಯುವವರೆಗೆ ಎಳೆಯ ಹುಲ್ಲು. ಅದರ ಆಚೆಗೆ ಸಂಜೆಯ ಬಿಸಿಲಿಗೆ ತಾಮ್ರದ ತಗಡಿನಂತೆ ಹೊಳೆಯುವ ನೀರು. ಹುಲ್ಲಿನ ಮೇಲೆ ಆನೆಗಳು. ಒಂದೆರಡಲ್ಲ, ನಾನು ಅರವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಹೆಣ್ಣಾನೆಗಳು, ಅವುಗಳ ಕಾಲುಗಳ ನಡುವೆ ತಡವರಿಸುವ ಮರಿಗಳು, ದೂರದಲ್ಲಿ ಒಂಟಿಯಾಗಿ ನಿಂತ ದಂತದ ಗಂಡು. ಮುದಿ ಆನೆಯೊಂದು ಮುಂಗಾಲಿನಿಂದ ಹುಲ್ಲನ್ನು ಒದೆದು ಬುಡ ಸಡಿಲಿಸಿ, ಸೊಂಡಿಲಿನಿಂದ ಹಿಡಿದು ಮೊಣಕಾಲಿಗೆ ಬಡಿದು ಮಣ್ಣು ಕೊಡವಿ ಬಾಯಿಗೆ ಇಡುತ್ತಿದ್ದಿತು. ನಮ್ಮ ಅವ್ವ ಮೆಂತ್ಯದ ಸಿವುಡನ್ನು ಹಾಗೆಯೇ ಕೊಡವುತ್ತಿದ್ದಳು. ಜೀಪಿನಲ್ಲಿ ಯಾರೂ ಮಾತನಾಡಲಿಲ್ಲ. ನಮ್ಮ ಮನೆಯವರು ಕೈಜೋಡಿಸಿ "ಗಣಪ್ಪಾ" ಎಂದು ಮೆಲ್ಲಗೆ ಅಂದುದು ಮಾತ್ರ ಕೇಳಿಸಿತು.

ವಿವರಣೆಯ ಹುಡುಗ ಹೇಳಿದುದರ ಸಾರಾಂಶ ಇಷ್ಟು. ಕಬಿನಿಯು ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ನದಿ. 1974ರಲ್ಲಿ ಬೀಚನಹಳ್ಳಿಯ ಬಳಿ ಅದಕ್ಕೆ ಅಣೆಕಟ್ಟು ಮುಗಿಯಿತು. ನಾಗರಹೊಳೆ, ಬಂಡೀಪುರದ ಕಾಡುಗಳ ನಡುವೆ ನೀರು ಹರಡಿ ನಿಂತಿತು. ಬೇಸಿಗೆಯಲ್ಲಿ ಕಾಡಿನ ಹಳ್ಳಕೊಳ್ಳಗಳು ಬತ್ತಿದಾಗ ಜಲಾಶಯದ ನೀರೂ ಇಳಿಯುತ್ತದೆ. ಇಳಿದ ನೀರಿನ ಜಾಗದಲ್ಲಿ ಹಸಿ ಮಣ್ಣಿನಿಂದ ಹೊಸ ಹುಲ್ಲು ಏಳುತ್ತದೆ. ಸುತ್ತಣ ಕಾಡುಗಳ ಆನೆಗಳೆಲ್ಲ, ವಯನಾಡಿನವು ಸಹ, ಮಾರ್ಚಿಯಿಂದ ಮೇ ತಿಂಗಳವರೆಗೆ ಈ ಹುಲ್ಲಿಗೆ ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಸ್ಥಳಗಳು ಜಗತ್ತಿನಲ್ಲಿ ಬಹಳ ಕಡಿಮೆ. ಅಂದರೆ ನಾವು ನೋಡುತ್ತಿದ್ದುದು ಪ್ರಕೃತಿಯ ಹುಲ್ಲುಗಾವಲಲ್ಲ, ಕೆರೆಯ ತಳ.

"ಮೊದಲು ಇಲ್ಲಿ ಏನಿತ್ತು?" ಎಂದು ನಾನು ಕೇಳಿದೆ. ಮಾಸ್ತರಿಕೆಯ ಚಟ.

"ಕಾಡು ಸರ್. ಕೆಲವು ಹಳ್ಳಿಗಳೂ ಇದ್ದವು" ಎಂದು ಆ ಹುಡುಗ ಉತ್ತರವಿತ್ತು ದುರ್ಬೀನನ್ನು ಕಣ್ಣಿಗೆ ಏರಿಸಿದನು.

ಆ 'ಕೆಲವು ಹಳ್ಳಿಗಳು' ಎಂಬ ಮಾತಿಗೆ ನನ್ನೊಳಗೆ ಏನೋ ಕುಟುಕಿದಂತಾಯಿತು. ಅದು ನನ್ನದೇ ಮಾತು. ಐವತ್ತೊಂದು ವರ್ಷಗಳ ಹಿಂದೆ ನಾನೇ ಅದನ್ನು ಬರೆದಿದ್ದೆ.

ಓದುಗರು ಸ್ವಲ್ಪ ಹೊತ್ತು ಆನೆಗಳನ್ನು ಬಿಟ್ಟು ನನ್ನೊಡನೆ ಮಲಪ್ರಭೆಯ ಕಡೆಗೆ ಬರಬೇಕು. ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಹೊಳೆಯು ಸವದತ್ತಿಯ ಹತ್ತಿರ ಗುಡ್ಡವನ್ನು ಸೀಳಿಕೊಂಡು ಹಾಯುವ ಇಕ್ಕಟ್ಟಿಗೆ ನವಿಲುತೀರ್ಥವೆಂದು ಹೆಸರು. ಆ ಇಕ್ಕಟ್ಟಿಗೇ ಅಡ್ಡವಾಗಿ ಅಣೆಕಟ್ಟನ್ನು ಕಟ್ಟಿದರು. 1970ರ ದಶಕದ ಆರಂಭದಲ್ಲಿ ನೀರು ನಿಂತಿತು. ಜಲಾಶಯಕ್ಕೆ ಎಲ್ಲಮ್ಮನ ಹೆಸರಿನಿಂದ ರೇಣುಕಾಸಾಗರವೆಂದು ಕರೆದರು. ನಮ್ಮ ಅವ್ವನ ತವರೂರು ಆ ಸಾಗರದ ತಳದಲ್ಲಿದೆ.

1972ರಲ್ಲಿ ನಾನು ಪ್ರೌಢಶಾಲೆಯ ವಿದ್ಯಾರ್ಥಿ. ಪ್ರಬಂಧ ಸ್ಪರ್ಧೆಯಾಯಿತು, ವಿಷಯ, ನವಿಲುತೀರ್ಥದ ಅಣೆಕಟ್ಟು. ನಾನು ಹನ್ನೆರಡು ಪುಟ ಬರೆದೆ. ನರಗುಂದ, ನವಲಗುಂದದ ಎರೆಭೂಮಿಗೆ ನೀರು ಹರಿಯುವುದನ್ನು, ಬರಗಾಲವು ಓಡಿಹೋಗುವುದನ್ನು ವರ್ಣಿಸಿದೆ. ಅಣೆಕಟ್ಟುಗಳೇ ಹೊಸ ಕಾಲದ ದೇವಾಲಯಗಳೆಂಬ ಪಂಡಿತ ನೆಹರೂ ಅವರ ವಿಚಾರವನ್ನು ಎರಡು ಕಡೆಗೆ ತಂದೆ. ಹತ್ತನೆಯ ಪುಟದಲ್ಲಿ, 'ಕೆಲವು ಹಳ್ಳಿಗಳು ಮುಳುಗಡೆಯಾಗುವವು. ಅವುಗಳಿಗೆ ಸೂಕ್ತ ಪರಿಹಾರ ದೊರೆಯುವುದು' ಎಂದು ಒಂದು ಸಾಲು ಬರೆದೆ. ಮೊದಲ ಬಹುಮಾನ ಬಂದಿತು, ಸ್ಟೀಲಿನ ಒಂದು ತಂಬಿಗೆ. ಓಡುತ್ತ ಮನೆಗೆ ಬಂದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಿದ್ದ ಅವ್ವನಿಗೆ ಹನ್ನೆರಡು ಪುಟಗಳನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಕಡೆಯವರೆಗೂ ಕೇಳಿ, "ಛಲೋ ಬರದೀಯಪಾ" ಎಂದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. ಆಮೇಲೆ ಕೇಳಿದಳು: "ಕೆಲವು ಹಳ್ಳಿ ಅಂದ್ರ ಯಾವುವೋ, ತಮ್ಮಾ?"

ನಾನು ಉತ್ತರ ಕೊಡಲಿಲ್ಲ. ಅಂದು ನನಗೆ ಸಿಟ್ಟು ಬಂದಿದ್ದಿತೆಂದು ತೋರುತ್ತದೆ. ದೇಶದ ಪ್ರಗತಿಯ ಮಾತಿನಲ್ಲಿ ಈಕೆ ತನ್ನ ತವರನ್ನು ತರುತ್ತಾಳಲ್ಲ ಎಂದು.

ಮಾವನು ಪರಿಹಾರದ ಹಣದಲ್ಲಿ ಮೊದಲು ಒಂದು ಮೋಟಾರು ಸೈಕಲು ಕೊಂಡನು. ಆಮೇಲೆ ಹೊಲ ಕೊಳ್ಳಲು ಹಣ ಸಾಲದಾಯಿತು. ದಡದ ಮೇಲೆ ಅದೇ ಹೆಸರಿನ ಹೊಸ ಊರು ಎದ್ದಿತು. ನೇರವಾದ ಓಣಿಗಳು, ಒಂದೇ ಅಳತೆಯ ಮನೆಗಳು, ನೆರಳಿಲ್ಲದ ಊರು. ಅವ್ವ ಅಲ್ಲಿಗೆ ಹೆಚ್ಚು ಹೋಗುತ್ತಿರಲಿಲ್ಲ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ, ದೂರದಲ್ಲಿ ನೀರು ಕಾಣುವ ತಿರುವು ಬಂದೊಡನೆ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮೋರೆ ತಿರುಗಿಸುತ್ತಿದ್ದಳು. ಇದನ್ನು ನಾನು ನೋಡಿಯೂ ನೋಡದವನಂತೆ ಇರುತ್ತಿದ್ದೆ. ಅಣೆಕಟ್ಟಿನಿಂದ ಆದ ಉಪಕಾರವನ್ನು ನಾನು ಈಗಲೂ ಅಲ್ಲಗಳೆಯಲಾರೆ. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಅದೇ ನೀರನ್ನು. ಧಾರವಾಡದಲ್ಲಿ ನನ್ನ ಮಗಳ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. ಆದರೆ ಆ ತಂಬಿಗೆಯಿಂದ ಮನೆಯವರಿಗೆಲ್ಲ ನೀರು ಕೊಡುತ್ತಿದ್ದ ಅವ್ವ, ತಾನು ಮಾತ್ರ ಹಳೆಯ ಹಿತ್ತಾಳೆಯ ಗಿಂಡಿಯಲ್ಲಿಯೇ ಕುಡಿದಳು. ಕಾರಣವನ್ನು ನಾನು ಕೇಳಲಿಲ್ಲ. ಅವಳು ಹೋಗಿ ಹದಿನಾರು ವರ್ಷವಾಯಿತು.

ಜೀಪು ಮರಳಿತು. ಹುಲಿ ಕಾಣಲಿಲ್ಲವೆಂದು ಮಗನು ಮುನಿಸಿಕೊಂಡಿದ್ದನು. ಕತ್ತಲಾದ ಮೇಲೆ ಬೆಂಕಿಯ ಸುತ್ತ ಕುರ್ಚಿಗಳನ್ನು ಹಾಕಿ ಕಾಕನಕೋಟೆಯ ಖೆಡ್ಡಾದ ಹಳೆಯ ಚಲನಚಿತ್ರವನ್ನು ತೋರಿಸಿದರು. ಮಾಸ್ತಿಯವರ ನಾಟಕದಿಂದ ಆ ಹೆಸರು ನನಗೆ ಪರಿಚಿತವಾದುದೇ. ಸ್ಯಾಂಡರ್ಸನ್ ಎಂಬ ಇಂಗ್ಲಿಷನು 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆರಂಭಿಸಿದ ಈ ಆನೆ ಹಿಡಿಯುವ ವಿದ್ಯೆಯು ಕಾಕನಕೋಟೆಯಲ್ಲಿ ರಾಜೋತ್ಸವವಾಗಿ ಬೆಳೆಯಿತು. ಕಾಡಾನೆಗಳ ಹಿಂಡನ್ನು ತಮಟೆ, ಪಂಜು, ಬೊಬ್ಬೆಗಳಿಂದ ಅಟ್ಟಿ, ಕಬಿನಿಯನ್ನು ದಾಟಿಸಿ, ದಿಮ್ಮಿಗಳ ಬೇಲಿಯೊಳಗೆ ನೂಕುತ್ತಿದ್ದರು. ವೈಸರಾಯರೂ ರಾಜಕುಮಾರರೂ ಎತ್ತರದಲ್ಲಿ ಕುಳಿತು ನೋಡುತ್ತಿದ್ದರು. ಕೆಳಗೆ ನೀರಿನಲ್ಲಿ ಆನೆಯ ಪಕ್ಕದಲ್ಲಿ ಇರುತ್ತಿದ್ದವರು ಜೇನುಕುರುಬರು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಮುಂದೆ ಮೂರು ವರ್ಷಕ್ಕೆ ಆ ಕಾಡಿನ ದೊಡ್ಡದೊಂದು ಪಾಲು ನೀರಿನ ಕೆಳಗೆ ಹೋಯಿತು. 1972ರ ವನ್ಯಜೀವಿ ಕಾಯಿದೆ, 1973ರ ಹುಲಿ ಯೋಜನೆ, 1988ರಲ್ಲಿ ರಾಷ್ಟ್ರೀಯ ಉದ್ಯಾನದ ಪಟ್ಟ ಇವೆಲ್ಲ ಒಂದರ ಹಿಂದೊಂದು ಬಂದವು. ಆನೆ ಉಳಿಯಿತು, ಹುಲಿ ಉಳಿಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಆ ಸಂಜೆ ಕಂಡ ಮರಿಯಾನೆಗಳೇ ಅದಕ್ಕೆ ಸಾಕ್ಷಿ. ಆದರೆ ಆನೆಯ ಭಾಷೆ ಬಲ್ಲ ಜನರು ತಮ್ಮ ಹಾಡಿಗಳನ್ನು ಬಿಟ್ಟು ಕಾಡಿನ ಅಂಚಿಗೆ ಬಂದರು. ಆಫ್ರಿಕಾದಲ್ಲಿಯೂ ನಡೆದುದು ಇದೇ. 1959ರಲ್ಲಿ ಸೆರೆಂಗೆಟಿಯಿಂದ ಮಸಾಯಿ ದನಗಾಹಿಗಳನ್ನು ಹೊರಕ್ಕೆ ಕಳುಹಿಸಿದರು. ನಾನು ಮಕ್ಕಳಿಗೆ ಮಸಾಯಿಗಳ ಈಟಿಯ ಉದ್ದವನ್ನು ಹೇಳಿಕೊಟ್ಟಿದ್ದೆ; ಇದನ್ನು ಹೇಳಿಕೊಟ್ಟಿರಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. 1990ರ ದಶಕದಲ್ಲಿ ನಾಗರಹೊಳೆಯ ಒಳಗೇ, ಮೂರ್ಕಲ್ ಎಂಬಲ್ಲಿ, ದೊಡ್ಡದೊಂದು ಹೋಟೆಲು ಕಂಪನಿಯು ವಸತಿಗೃಹವನ್ನು ಎಬ್ಬಿಸಹೊರಟಿದ್ದಿತು. ಸೌದೆ ಆರಿಸಿದರೆ ನಮ್ಮನ್ನು ಹಿಡಿಯುವವರು ಹೋಟೆಲಿಗೆ ಹೇಗೆ ಕಾಡು ಕೊಟ್ಟರೆಂಬುದು ಆದಿವಾಸಿಗಳ ಪ್ರಶ್ನೆ. ಅವರು ರಸ್ತೆಗಿಳಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು.

ಮರುದಿನ ಬೆಳಗಿನ ಜಾವ ದೋಣಿಯ ವಿಹಾರ. ಜೀಪು ನಡೆಸಿದ್ದ ಅದೇ ತರುಣನು ನಮ್ಮನ್ನು ದಡದವರೆಗೆ ಬಿಟ್ಟನು. ಮಗ ಸೊಸೆ ಛಾಯಾಚಿತ್ರ ತೆಗೆಯುತ್ತ ಮುಂದೆ ಹೋಗಿದ್ದರು. ಮನೆಯವರಿಗೆ ಇಳಿಜಾರು ಕಷ್ಟವೆಂದು ಆ ಹುಡುಗ ಕೈಹಿಡಿದು ನಡೆಸುತ್ತಿದ್ದನು. ಮಂಜು ಇನ್ನೂ ಹರಿದಿರಲಿಲ್ಲ. ನೀರಿನ ನಡುವೆ ಅಲ್ಲಲ್ಲಿ ಸತ್ತ ಮರಗಳು ಕರಿದಾಗಿ ನಿಂತಿದ್ದವು. ಮುಳುಗಿ ಐವತ್ತು ವರ್ಷವಾಗುತ್ತ ಬಂದರೂ ಕೊಳೆಯದ, ಬೀಳದ ಬೊಡ್ಡೆಗಳು. ಒಂದರ ಮೇಲೆ ನೀರುಕಾಗೆ ರೆಕ್ಕೆಗಳನ್ನು ಹರಡಿ ಒಣಗಿಸುತ್ತ ಕುಳಿತಿದ್ದಿತು.

"ತಮ್ಮಾ, ನಿಮ್ಮೂರು ಯಾವುದು?" ಎಂದು ನಮ್ಮ ಮನೆಯವರು ಕೇಳಿದರು. ಎಲ್ಲಿಗೆ ಹೋದರೂ ಅವರು ಮೊದಲು ಕೇಳುವ ಪ್ರಶ್ನೆ ಅದೇ.

ಹುಡುಗ ಹೊಸ ಊರೊಂದರ ಹೆಸರನ್ನು ಹೇಳಿದನು. ಸ್ವಲ್ಪ ತಡೆದು, ಗದ್ದದಿಂದ ನೀರಿನ ಕಡೆಗೆ ತೋರಿಸಿ, "ನಮ್ ತಾತಂದು ಅಲ್ಲೇ ಕಣಮ್ಮ. ಆ ಮೂರು ಬೊಡ್ಡೆ ಕಾಣ್ತವಲ್ಲ, ಅದ್ರಿಂದ ಆಚಿಕೆ" ಎಂದನು.

"ನೀ ನೋಡೀಯೇನು?"

"ನಾನೆಲ್ಲಿ ನೋಡ್ಲಿ? ನಮ್ಮಪ್ಪಾನೇ ಆವಾಗ ಚಿಕ್ಕುಡ್ಗ. ತಾತ ಇರೋಗಂಟ ಬೇಸಿಗೇಲಿ ದಡಕ್ಕೆ ಬಂದು ಕುಂತ್ಕತಿದ್ರು. ನೀರು ಕಮ್ಮಿ ಆದ್ರೆ ನಮ್ ಮಾರಿಗುಡಿ ಕಲ್ಲು ಕಾಣ್ತದೆ ಅನ್ನೋರು. ಈಗ ಆ ಕಡೀಕೆ ನಾವು ಹೋಗಂಗಿಲ್ಲ. ಆನೆ ಜಾಗ ಅದು."

ನಾನು ಮೊಟ್ಟಮೊದಲನೆಯ ಸಲ, ಯಾರೂ ಕೇಳದೆಯೇ, "ನಮ್ಮ ಅವ್ವನ ಊರೂ ಹೀಗೇ ಮುಳುಗಿತಪ್ಪ, ಮಲಪ್ರಭಾದಾಗ" ಎಂದೆ.

"ಯಾವೂರು ಸಾರ್?"

ಹೇಳಿದೆ. ಅವನಿಗೆ ಆ ಹೆಸರು ಅಪರಿಚಿತ. ಆದರೂ ಒಮ್ಮೆ ತಾನೂ ಉಚ್ಚರಿಸಿ, ಸರಿಯೇ ಎಂಬಂತೆ ನನ್ನ ಮುಖ ನೋಡಿದನು. ತನ್ನ ತಾತನ ಊರಿನ ಹಳೆಯ ಹೆಸರನ್ನು ಅವನೂ ಹೇಳಿದನು. ನಾನೂ ಉಚ್ಚರಿಸಿದೆ. ಇಲ್ಲಿ ಎರಡನ್ನೂ ಬರೆಯಬೇಕೆಂದು ಬಹಳ ಆಸೆಯಿತ್ತು. ಆ ಹುಡುಗನ ನೌಕರಿಯ ಭಯ ಒಂದು ಕಡೆ. ನನ್ನ ಸೋದರಮಾವನ ಮಕ್ಕಳಲ್ಲಿ ಆ ಪರಿಹಾರದ ಭೂಮಿಯ ವ್ಯಾಜ್ಯವು ಇನ್ನೂ ನಡೆದೇ ಇರುವುದು ಇನ್ನೊಂದು ಕಡೆ. ಅಚ್ಚಿನಲ್ಲಿ ಹೆಸರು ಹಾಕಲಾರೆ. ಅವ್ವ ಇದ್ದಿದ್ದರೆ ಈ ಸಬೂಬನ್ನೂ ಒಪ್ಪುತ್ತಿರಲಿಲ್ಲ.

ದೋಣಿಯಲ್ಲಿ ಹೋಗುವಾಗ ಐದು ಆನೆಗಳು ನೀರನ್ನು ದಾಟುವುದು ಕಂಡಿತು. ಸೊಂಡಿಲಿನ ತುದಿ ಮಾತ್ರ ಮೇಲೆ. ನಡುವೆ ಮರಿ, ಅದರ ಎರಡೂ ಪಕ್ಕಕ್ಕೆ ದೊಡ್ಡವು. ಮುಂದಿನದು ವಯಸ್ಸಾದ ಹೆಣ್ಣು. ಆನೆಗಳ ಕುಟುಂಬಕ್ಕೆ ಹಿರಿಯ ಹೆಣ್ಣೇ ಯಜಮಾನಿ. ನೀರೆಲ್ಲಿ, ಮೇವೆಲ್ಲಿ ಎಂಬ ನೆನಪೆಲ್ಲ ಅವಳದು. ಆ ಮುದುಕಿ ನೀರು ನಿಲ್ಲುವುದಕ್ಕಿಂತ ಮೊದಲು ಹುಟ್ಟಿದ್ದರೆ, ಈ ತಳದಲ್ಲಿದ್ದ ಹಾದಿಯ ಮೇಲೆ ತನ್ನ ತಾಯಿಯ ಹಿಂದೆ ನಡೆದೂ ಇದ್ದಾಳು. ನಮ್ಮ ಮಗನಿಗೆ ಆ ಛಾಯಾಚಿತ್ರ ಬಹಳ ಚೆನ್ನಾಗಿ ಬಂದಿದೆ. ಅಂದು ಸಂಜೆ ಹುಲಿಯೂ ಕಂಡಿತು. ಹತ್ತು ಹನ್ನೆರಡು ಜೀಪುಗಳ ಸಂದಿನಲ್ಲಿ, ಬಾಲದ ಕಡೆಯಿಂದ, ಒಂದು ನಿಮಿಷ. ಮಗನ ಮುನಿಸು ಇಳಿಯಿತು. ನನಗಂತೂ ಅದು ಜನರಿಗೆ ಬೇಸತ್ತು ಎದ್ದು ಹೋಗುವ ಹಿರಿಯರಂತೆ ಕಂಡಿತು.

ಹೊರಡುವಾಗ ನಮ್ಮ ಮನೆಯವರು ಆ ಹುಡುಗನ ಕೈಯಲ್ಲಿ ಹಣವಿಡಲು ಹೋದರು, ಅವನು ಬೇಡವೆಂದನು. ಉಳಿದಿದ್ದ ಶೇಂಗಾ ಹಿಂಡಿಯ ಡಬ್ಬಿಯನ್ನು ಕೊಟ್ಟರು, ತೆಗೆದುಕೊಂಡನು.

ಯರಗಟ್ಟಿಗೆ ಬಂದ ಮೇಲೆ ತಿಂಗಳವರೆಗೆ ನೆರೆಯವರಿಗೆ ಹುಲಿಯ ಕಥೆಯನ್ನು ಹೇಳುವುದೇ ಆಯಿತು. ಹುಲಿಯು ದಿನಕ್ಕೊಂದು ಮೊಳ ಬೆಳೆಯುತ್ತಿದ್ದಿತು. ಮೇ ತಿಂಗಳ ಕಡೆಯ ವಾರದಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯವರು, ಕೇಳದೆಯೇ, ಬುತ್ತಿ ಕಟ್ಟಿಟ್ಟು, "ನಡೀರಿ, ನೀರು ಇಳಿದದಂತ" ಎಂದರು. ಸವದತ್ತಿಯವರೆಗೆ ಬಸ್ಸು, ಅಲ್ಲಿಂದ ಒಂದು ಆಟೋರಿಕ್ಷಾ, ಆಮೇಲೆ ಒಣಗಿ ಬಿರಿದ ರೇವೆಯ ಮೇಲೆ ನಡಿಗೆ. ಅವರ ಮೊಣಕಾಲಿಗಾಗಿ ನಾಲ್ಕು ಕಡೆ ನಿಂತೆವು. ಇಲ್ಲಿಯೂ ಹುಲ್ಲು ಎದ್ದಿದ್ದಿತು. ಆನೆಗಳಿರಲಿಲ್ಲ, ಕುರಿಗಳಿದ್ದವು, ನೂರಾರು, ಕಪ್ಪು ಬಿಳುಪು. ಯಾರೋ ಸವತೆಯ ಬಳ್ಳಿ ಹಾಕಿದ್ದರು. ಹನುಮಪ್ಪನ ಗುಡಿಯ ಕಟ್ಟೆಯು ಕೆಸರಿನಿಂದ ಮೇಲೆದ್ದು ನಿಂತಿದ್ದಿತು. ಕಲ್ಲಿನ ಸಂದುಗಳಲ್ಲಿ ಚಿಪ್ಪುಗಳು ಅಂಟಿದ್ದವು.

ಕುರಿ ಕಾಯುವ ಮುದುಕನೊಬ್ಬ ಕಂಬಳಿಯ ಕೊಪ್ಪೆಯನ್ನು ಸರಿಸಿ ನಮ್ಮನ್ನು ನೋಡಿದನು.

"ಯಾರ ಪೈಕಿರಿ?"

ಅವ್ವನ ತವರುಮನೆಯ ಅಡ್ಡಹೆಸರನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಕೋಲೆತ್ತಿ, ಗುಡಿಯ ಬಲಕ್ಕೆ ಹುಲ್ಲು ದಟ್ಟವಾಗಿದ್ದ ಕಡೆಗೆ ತೋರಿಸಿದನು. "ಅಲ್ಲೇ ನೋಡ್ರಿ. ಬಾವಿ ಬಾಜೂಕ. ಅಂಗಳದಾಗ ಬೇವಿನ ಗಿಡ ಇತ್ತು, ದೊಡ್ಡದು."

ಬೇವಿನ ಗಿಡ ನನಗೆ ನೆನಪಿದ್ದಿತು. ನಾವು ಅಲ್ಲಿಗೆ ಹೋಗಿ, ಕುರಿಗಳನ್ನು ಸ್ವಲ್ಪ ಬದಿಗೆ ಸರಿಸಿ ಕುಳಿತೆವು. ಮನೆಯವರು ಬುತ್ತಿಯನ್ನು ಬಿಚ್ಚಿದರು. ಆ ಸ್ಟೀಲಿನ ತಂಬಿಗೆಯಲ್ಲಿ ಕುಡಿಯುವ ನೀರನ್ನು ತಂದಿದ್ದರು. ಮುದುಕನನ್ನೂ ಕರೆದು ಮೊದಲು ಅವನಿಗೆ ಕೊಟ್ಟರು.